ಸುದ್ದಿಯೂ ಏಕಾಂತದೃಷ್ಟಿಯೂ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕ ಚಕ್ರವರ್ತಿಯ ಶಾಸನವನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಇವು ಅದರ ಉಪದೇಶದ ಸಾರ. ಆ ಬಂಡೆಯು ತನ್ನೆದುರು ನಿಂತ ಎಲ್ಲರಿಗೂ ಒಂದೇ ಮಾತನ್ನು ಹೇಳುತ್ತಿತ್ತು. ಇಂದಿನ ಮೊಬೈಲ್ ಪರದೆಯಾದರೋ ಒಬ್ಬೊಬ್ಬರಿಗೆ ಒಂದೊಂದು ಮಾತನ್ನು ಹೇಳುತ್ತಿದೆ.

ಸುದ್ದಿಯಲ್ಲಿ ಪಕ್ಷಪಾತವೆಂಬುದು ಹೊಸದೇನಲ್ಲ. ನೆರೆಯ ಚಳ್ಳಕೆರೆಯೇ ಇದಕ್ಕೆ ನಿದರ್ಶನ. ಅಲ್ಲಿನ ಅಮೃತಮಹಲ್ ಕಾವಲುಗಳ ಸುಮಾರು 10,000 ಎಕರೆ ಹುಲ್ಲುಗಾವಲು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮುಂತಾದ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಒಬ್ಬರು ಇದನ್ನು ‘ವಿಜ್ಞಾನ ನಗರಿ’ಯ ಉದಯವೆಂದು ಹರ್ಷಿಸಿದರು. ದನಕುರಿಗಳ ಮೇವಿನ ನೆಲೆ ಕೈತಪ್ಪಿತೆಂಬ ಗ್ರಾಮಸ್ಥರ ಅಳಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯನ್ನು ಮುಟ್ಟಿತು. 2015ರ ಡಿಸೆಂಬರಿನಲ್ಲಿ ಅಮೆರಿಕದ ‘ಫಾರಿನ್ ಪಾಲಿಸಿ’ ಪತ್ರಿಕೆಯು ಅದೇ ನೆಲವನ್ನು ರಹಸ್ಯ ಅಣುನಗರವೆಂದು ಬಣ್ಣಿಸಿತು. ನೆಲ ಒಂದೇ, ನೋಟಗಳು ಮೂರು. ಜೈನ ತರ್ಕದಲ್ಲಿ ಇಂತಹ ಒಂದೊಂದು ನೋಟವೂ ನಯ. ತನ್ನದೇ ಪೂರ್ಣಸತ್ಯವೆಂದು ಸಾಧಿಸಿ ಉಳಿದವನ್ನು ಅಲ್ಲಗಳೆದಾಗ ಅದು ದುರ್ನಯವಾಗುತ್ತದೆ.

ಪತ್ರಿಕೆಯ ದುರ್ನಯವನ್ನು ಗುರುತಿಸಲು ಅವಕಾಶವಿತ್ತು. ವಾಚನಾಲಯದಲ್ಲಿ ಒಂದೇ ಹಾಳೆಯನ್ನು ಹತ್ತು ಜನ ಓದಿ ವಾದಿಸುತ್ತಿದ್ದರು. ಪರದೆಯ ಸುದ್ದಿಸಾಲು ಹಾಗಲ್ಲ. ಓದುಗನು ಯಾವುದನ್ನು ಒತ್ತಿದನು, ಎಲ್ಲಿ ಹೆಚ್ಚು ಹೊತ್ತು ನಿಂತನು ಎಂಬುದನ್ನು ಗಣಿಸಿ, ಅಂತಹುದನ್ನೇ ಮತ್ತೆ ಮುಂದಿಡುವುದು ಅದರ ರೀತಿ. ರಾಕೆಟ್ಟಿನ ಚಿತ್ರಕ್ಕೆ ಮನಸೋತ ಮಗನಿಗೆ ರಾಕೆಟ್ಟೇ, ಕುರಿಗಾಹಿಯ ಅಳಲಿಗೆ ಮರುಗಿದ ತಂದೆಗೆ ಅಳಲೇ ಕಂಡೀತು. ಒಂದೇ ಸೂರಿನಡಿ ಎರಡು ಲೋಕ! ತನಗೆ ಕಾಣದುದು ಯಾವುದೆಂಬ ಅರಿವೂ ಇಬ್ಬರಿಗಿಲ್ಲ. ಆದರೆ ದೋಷವೆಲ್ಲವೂ ಯಂತ್ರದ್ದೆನ್ನಲಾಗದು. ಅದು ಉಣ್ಣುವುದು ಮನುಷ್ಯನ ರಾಗದ್ವೇಷಗಳನ್ನೇ.

ಇದರ ಪರಿಣಾಮವು ಅಭಿಪ್ರಾಯಭೇದಕ್ಕೆ ನಿಲ್ಲದು. ಮಕ್ಕಳ ಕಳ್ಳರ ವದಂತಿಯನ್ನು ನಂಬಿದ ಗುಂಪು 2018ರ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನನ್ನೂ, ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಇಂಜಿನಿಯರನ್ನೂ ಹೊಡೆದು ಕೊಂದಿತು. ವಾಟ್ಸ್ಆ್ಯಪ್‌ನ ಆ ಸಂದೇಶಗಳನ್ನು ಯಾವ ಯಂತ್ರವೂ ಆರಿಸಿರಲಿಲ್ಲ. ಪರಿಚಿತರೇ ಪರಿಚಿತರಿಗೆ ಕಳುಹಿಸಿದ್ದರು. ಅದೇ ಜುಲೈಯಲ್ಲಿ ವಾಟ್ಸ್ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ಕಳುಹಿಸುವ ಮಿತಿಯನ್ನು ಘೋಷಿಸಿತು. ಸಂಖ್ಯೆಗೆ ಮಿತಿ ಬಂದಿತು, ವಿವೇಕ ಬಂದಿತೆನ್ನಲಾದೀತೆ?

ಉಮಾಸ್ವಾಮಿಯ ‘ತತ್ತ್ವಾರ್ಥಸೂತ್ರ’ವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಮಿಥ್ಯೋಪದೇಶವನ್ನೂ ಕೂಟಲೇಖಕ್ರಿಯೆಯನ್ನೂ ಎಣಿಸಿದೆ. ದೋಷವು ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಿಂದ ಬರುವುದೆಂಬುದು ಶ್ರಾವಕರಿಗೆ ತಿಳಿದುದೇ. ಸುಳ್ಳನ್ನು ಬರೆದವನು ಕರ್ತೃವಾದರೆ, ಪರೀಕ್ಷಿಸದೆ ಮುಂದೂಡಿದವನು ಅನುಮೋದಕನು. “ತಾನು ಬರೆದುದಲ್ಲ” ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ.

ನೀರನ್ನು ಸೋಸಿ ಕುಡಿಯುವ ಮನೆಯಲ್ಲಿ ಸುದ್ದಿಯನ್ನು ಸೋಸದೆ ಕುಡಿಯುವುದು ಸಲ್ಲದು. ಬಸದಿಯ ಸ್ವಾಧ್ಯಾಯದಲ್ಲಿ ತಿಂಗಳಿಗೊಮ್ಮೆ ಒಂದೇ ವಿಷಯದ ಎರಡು ವಿರುದ್ಧ ವರದಿಗಳನ್ನು ಒಟ್ಟಿಗೆ ಓದಬಹುದು. ಟ್ರಸ್ಟುಗಳು ತಮ್ಮ ವಾಟ್ಸ್ಆ್ಯಪ್ ಬಳಗಗಳಲ್ಲಿ ಮೂಲ ತಿಳಿಯದ ಸಂದೇಶಕ್ಕೆ ಸ್ಥಾನವಿಲ್ಲವೆಂದು ನಿಯಮಿಸಬಹುದು. ‘ಸ್ಯಾತ್’ ಎಂಬ ಪದವು ಶಾಸ್ತ್ರಗ್ರಂಥದಲ್ಲಿ ಉಳಿದರೆ ಸಾಲದು. ಪರದೆಯ ಮೇಲೆ ಬೆರಳಿಡುವ ಮುನ್ನ ನೆನಪಾಗಬೇಕು.