ಬಟ್ಟಲು ದೂಡುವ ವಯಸ್ಸು

ಮೊನ್ನೆಯವರೆಗೆ ರಾಗಿ ಸರಿಯ ಬಟ್ಟಲನ್ನು ಬಳಿದು ಮುಗಿಸುತ್ತಿದ್ದ ಕೂಸು ಇದ್ದಕ್ಕಿದ್ದಂತೆ ತುಟಿ ಬಿಗಿಹಿಡಿದು ಕೂರುತ್ತದೆ. ಚಮಚ ಹತ್ತಿರ ಬಂದರೆ ಮುಖ ಆ ಕಡೆ. ಹಲ್ಲು ಬರುತ್ತಿರಬೇಕು ಎನ್ನುತ್ತಾರೆ ಒಬ್ಬರು. ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾರೆ ಇನ್ನೊಬ್ಬರು. ಎಲ್ಲರೂ ಸೇರಿ ಕೊನೆಗೆ ಕೇಳುವುದು ತಾಯಿಯನ್ನೇ: ‘ಮಗು ಸೊರಗಿ ಹೋಗಿದೆ, ಏನೂ ತಿನ್ನಿಸಲ್ವೇನಮ್ಮಾ?’ ಒಂದರಿಂದ ಮೂರು ವರ್ಷದ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ದಿನವೂ ನಡೆಯುವ ಈ ಪ್ರಸಂಗಕ್ಕೆ ತಾಯಿಯ ಕೈರುಚಿಯಾಗಲಿ, ಮಗುವಿನ ಹಠಮಾರಿತನವಾಗಲಿ ಕಾರಣವಲ್ಲ.

ಲೆಕ್ಕ ಸರಳವಾಗಿದೆ. ಮೂರು ಕಿಲೋ ತೂಕದಲ್ಲಿ ಹುಟ್ಟಿದ ಮಗು ವರ್ಷ ತುಂಬುವ ಹೊತ್ತಿಗೆ ಒಂಬತ್ತು ಕಿಲೋ ಆಸುಪಾಸಿಗೆ ಬರುತ್ತದೆ. ಎರಡನೇ ವರ್ಷ ಪೂರ್ತಿ ಅದು ಏರಿಸಿಕೊಳ್ಳುವುದು ಎರಡು, ಎರಡೂವರೆ ಕಿಲೋ ಮಾತ್ರ. ಬೆಳವಣಿಗೆಯ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ದೊಡ್ಡವರು ಬಟ್ಟಲಿಗೆ ಹಾಕುವ ಪ್ರಮಾಣ ಮಾತ್ರ ಇಳಿಯುವುದಿಲ್ಲ.

ಅದೇ ಹೊತ್ತಿಗೆ ಮಗು ನಡೆಯಲು ಕಲಿತು ಅಂಗಳಕ್ಕಿಳಿದಿರುತ್ತದೆ. ಕಂಡ ಎಲೆ, ಕಾಯಿಯನ್ನೆಲ್ಲ ಬಾಯಿಗಿಟ್ಟುಕೊಂಡರೆ ಅಪಾಯ. ಹೊಸ ತಿನಿಸನ್ನು ಅನುಮಾನಿಸುವ ಸ್ವಭಾವ ಈ ವಯಸ್ಸಿನಲ್ಲೇ ಬಲಿಯುವುದು ಅದಕ್ಕಾಗಿಯೇ ಇರಬೇಕೆಂದು ಸಂಶೋಧಕರು ಊಹಿಸುತ್ತಾರೆ. ಯೇಲ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟರಿಂದ ಹದಿನೆಂಟು ತಿಂಗಳ ಕೂಸುಗಳು ಬೇರೆ ವಸ್ತುಗಳಿಗಿಂತ ಗಿಡದ ಎಲೆಯನ್ನು ಮುಟ್ಟಲು ಹೆಚ್ಚು ಹಿಂಜರಿದವು. ಸೊಪ್ಪಿನ ಪಲ್ಯ ಕಂಡೊಡನೆ ಕೈ ಹಿಂದೆಳೆಯುವ ಮಗುವನ್ನು ಬೈಯುವ ಮುನ್ನ ಇದು ನೆನಪಿರಲಿ. ಬ್ರಿಟನ್ನಿನ ಐದು ಸಾವಿರಕ್ಕೂ ಹೆಚ್ಚು ಅವಳಿ ಜೋಡಿಗಳನ್ನು ಗಮನಿಸಿ 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಹೊಸ ರುಚಿಗೆ ಅಂಜುವ ಗುಣದಲ್ಲಿ ಮಕ್ಕಳ ನಡುವೆ ಕಾಣುವ ವ್ಯತ್ಯಾಸದ ಸುಮಾರು ಶೇ 78ರಷ್ಟಕ್ಕೆ ಕಾರಣ ಅನುವಂಶೀಯತೆ. ಅವರು 8ರಿಂದ 11 ವರ್ಷದ ಮಕ್ಕಳು ನಿಜ. ಆದರೂ ‘ಅಣ್ಣ ಎಲ್ಲ ತಿಂತಿದ್ದ, ಇವನೇ ಹೀಗೆ’ ಎಂದು ಕೊರಗುವ ಅಮ್ಮಂದಿರಿಗೆ ಇದರಿಂದ ಸಮಾಧಾನ ಸಿಗಬೇಕು.

ಊಟ ಬಲ್ಲವರೆಲ್ಲ ತಿಳಿದಿರಬೇಕಾದ ಹೆಸರೊಂದಿದೆ: ಕ್ಲಾರಾ ಡೇವಿಸ್. ಅಮೆರಿಕದ ಈ ಮಕ್ಕಳ ವೈದ್ಯೆ ಆಗತಾನೆ ಎದೆಹಾಲು ಬಿಟ್ಟ ಮಕ್ಕಳ ಮುಂದೆ ತಟ್ಟೆಯಿಟ್ಟು, ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬುದನ್ನು ಅವರಿಗೇ ಬಿಟ್ಟರು. ಮೊದಲ ವರದಿ ಪ್ರಕಟವಾದದ್ದು 1928ರಲ್ಲಿ. ಮುಂದೆ ಒಟ್ಟು 15 ಮಕ್ಕಳ ಊಟವನ್ನು ದಾಖಲಿಸಿ 1939ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಟ್ಟಿಯಲ್ಲಿದ್ದದ್ದು ಹಾಲು, ಮೊಟ್ಟೆ, ಮಾಂಸ, ಮೀನು, ಓಟ್ಸ್, ಬಾರ್ಲಿ, ಬೀಟ್‌ರೂಟ್, ಎಲೆಕೋಸು, ಬಾಳೆಹಣ್ಣು ಮುಂತಾದ ಮೂವತ್ತನಾಲ್ಕು ಬಗೆ. ಒಂದಕ್ಕೊಂದು ಬೆರೆಸುವಂತಿಲ್ಲ, ಉಪ್ಪು ಕೂಡ ಬೇರೆ ಬಟ್ಟಲಲ್ಲೇ. ಪಕ್ಕದಲ್ಲಿ ಚಮಚ ಹಿಡಿದು ಕುಳಿತ ದಾದಿ ಮಗು ಕೈತೋರಿದ್ದನ್ನಷ್ಟೇ ಕೊಡಬೇಕು. ತಿಂದರೆ ಹೊಗಳುವಂತಿಲ್ಲ, ಬಿಟ್ಟರೆ ಮುಖ ಸಣ್ಣ ಮಾಡುವಂತಿಲ್ಲ.

ಮಕ್ಕಳು ಮೊದಲು ಚಮಚ, ತಟ್ಟೆಯ ಅಂಚು, ಹಾಸಿದ ಕಾಗದವನ್ನೂ ಕಚ್ಚಿ ನೋಡಿದರು. ಆಮೇಲೆ ಒಂದೊಂದು ಮಗುವೂ ತನ್ನದೇ ದಾರಿ ಹಿಡಿಯಿತು. ಬೆಳಗಿನ ತಿಂಡಿಗೆ ಅರ್ಧ ಲೀಟರಿನಷ್ಟು ಕಿತ್ತಳೆ ರಸ, ಜೊತೆಗೆ ಲಿವರ್. ರಾತ್ರಿಗೆ ಹಲವು ಮೊಟ್ಟೆ, ಬಾಳೆಹಣ್ಣು, ಹಾಲು. ಒಂದು ಹೊತ್ತಿನ ಊಟ ನೋಡಿದರೆ ಯಾವ ತಾಯಿಯಾದರೂ ಹೌಹಾರಬೇಕು. ತಿಂಗಳುಗಟ್ಟಲೆ ಕೂಡಿಸಿ ನೋಡಿದಾಗ ಮಕ್ಕಳೆಲ್ಲ ಚೆನ್ನಾಗಿ ಬೆಳೆದಿದ್ದರು. ರಿಕೆಟ್ಸ್‌ನಿಂದ ಮೂಳೆ ಮೆತ್ತಗಾಗಿದ್ದ ಮಗುವೊಂದು ತಟ್ಟೆಯಲ್ಲಿಟ್ಟ ಕಾಡ್ ಮೀನೆಣ್ಣೆಯನ್ನು ತಾನಾಗಿ ಕುಡಿದು, ಗುಣವಾದ ಮೇಲೆ ನಿಲ್ಲಿಸಿಬಿಟ್ಟಿತು. ಡೇವಿಸ್ ಇದನ್ನು ಪವಾಡವೆನ್ನಲಿಲ್ಲ. ಗುಟ್ಟು ಇರುವುದು ಪಟ್ಟಿಯಲ್ಲಿ ಎಂದರು. ಆ ಪಟ್ಟಿಯಲ್ಲಿ ಸಕ್ಕರೆ ಇರಲಿಲ್ಲ, ಮೈದಾ ಇರಲಿಲ್ಲ, ಡಬ್ಬಿಯ ತಿನಿಸು ಇರಲಿಲ್ಲ.

ಏನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ದೊಡ್ಡವರ ಕೆಲಸ. ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದು ಮಗುವಿನ ಕೆಲಸ. ಎಲಿನ್ ಸ್ಯಾಟರ್ ಎಂಬ ಆಹಾರ ತಜ್ಞೆ 1980ರ ದಶಕದಲ್ಲಿ ಹೀಗೆ ಗೆರೆ ಎಳೆದುಕೊಟ್ಟರು. ನಮ್ಮಲ್ಲಿ ಈ ಗೆರೆ ದಾಟುವುದು ಪ್ರೀತಿಯಿಂದಲೇ. ‘ಅಪ್ಪನಿಗೊಂದು ತುತ್ತು, ಅಜ್ಜಿಗೊಂದು ತುತ್ತು’ ಎನ್ನುತ್ತ ತುಂಬಿದ ಹೊಟ್ಟೆಗೆ ಮತ್ತೆ ಹಾಕುತ್ತೇವೆ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳಿಗೆ ಸೂಪ್ ಕೊಟ್ಟು ನೋಡಿದ್ದರು; ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ‘ಮುಗಿಸು, ಮುಗಿಸು’ ಎಂದಾಗ ಮಕ್ಕಳು ಕುಡಿದದ್ದು ಕಡಿಮೆ, ಸೂಪನ್ನು ಹಳಿದದ್ದು ಹೆಚ್ಚು. ‘ಪಲ್ಯ ತಿಂದರೆ ಚಾಕೊಲೇಟ್’ ಎಂಬ ಆಮಿಷವಂತೂ ಪಲ್ಯವನ್ನು ಶಿಕ್ಷೆಯ ಸಾಲಿಗೆ ಸೇರಿಸುತ್ತದೆ.

ಹಾಗಾದರೆ ಅಡುಗೆಮನೆಯಲ್ಲಿ ಮಾಡಬೇಕಾದ್ದೇನು? ಮಗುವಿಗೆಂದೇ ಬೇರೆ ಅಡುಗೆ ಬೇಡ. ಮನೆಯ ಅಡುಗೆಯಲ್ಲೇ ಅದರ ಪಾಲನ್ನು ಒಗ್ಗರಣೆಗೆ ಮುಂಚೆ ತೆಗೆದಿಟ್ಟರೆ ಸಾಕು. ಮೆತ್ತಗಿನ ಅನ್ನದ ನಡುವೆ ಹಲ್ಲಿಗೆ ಸಿಕ್ಕ ಒಂದು ಸಾಸಿವೆ ಕಾಳು, ನಾಲಿಗೆಗೆ ಅಂಟಿದ ಒಂದು ಕರಿಬೇವಿನ ಚೂರು ಇಡೀ ತುತ್ತನ್ನು ಹೊರಗೆ ಹಾಕಿಸುತ್ತದೆ. ತಟ್ಟೆಯಲ್ಲಿ ಮಗುವಿಗೆ ಪರಿಚಯವಿರುವ ತೊವ್ವೆ ಅನ್ನ, ಮೇಲೆ ತುಪ್ಪ. ಪಕ್ಕದಲ್ಲಿ ಹೊಸದು, ಚಿಟಿಕೆಯಷ್ಟು ಬೀಟ್‌ರೂಟ್ ಪಲ್ಯ. ಮುಟ್ಟಿ ಬಿಟ್ಟರೂ ಸರಿ, ಹಿಚುಕಿದರೂ ಸರಿ, ನಾಲ್ಕು ದಿನ ಬಿಟ್ಟು ಮತ್ತೆ ಬಡಿಸಬೇಕು. ಲಿಯಾನ್ ಬರ್ಚ್ ಎಂಬ ಮನಶ್ಶಾಸ್ತ್ರಜ್ಞೆ 1982ರಲ್ಲಿ ಎರಡು ವರ್ಷದ ಮಕ್ಕಳಿಗೆ ಹೊಸ ತಿನಿಸುಗಳನ್ನು ಇಪ್ಪತ್ತು ಸಲದವರೆಗೂ ಕೊಟ್ಟು ತೋರಿಸಿದ್ದು ಇದನ್ನೇ: ಹೆಚ್ಚು ಸಲ ನಾಲಿಗೆಗೆ ತಾಗಿದ್ದು ಹೆಚ್ಚು ಇಷ್ಟವಾಯಿತು. ನಾವು ಮೂರು ನಾಲ್ಕು ಸಲ ಕೊಟ್ಟು, ‘ನಮ್ಮ ಪಾಪುಗೆ ಬೀಟ್‌ರೂಟ್ ಆಗಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತೇವೆ.

ಎಲ್ಲವನ್ನೂ ಮಿಕ್ಸಿಗೆ ಹಾಕಿ ರುಬ್ಬುವ ಚಾಳಿಯನ್ನು ಮಾತ್ರ ಇಂದೇ ಬಿಡಬೇಕು. ಅದರಿಂದ ಅಗಿಯುವ ಕಲಿಕೆ ನಿಲ್ಲುತ್ತದೆ, ಒಂದೊಂದು ತರಕಾರಿಯ ರುಚಿಯೂ ಕಳೆದುಹೋಗುತ್ತದೆ. ಬೆರಳುದ್ದ ಹೆಚ್ಚಿದ ಇಡ್ಲಿ, ಅಂಗೈಗೆ ಹಿಡಿಯುವ ಪಡ್ಡು, ತಿಳಿಸಾರಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಬಸ್ಸಾರಿನಲ್ಲಿ ಹೊರಳಿಸಿದ ಮುದ್ದೆಯ ಪುಟ್ಟ ಚೂರು: ಕೈಯಲ್ಲಿ ಹಿಡಿದು ತಿನ್ನಲು ನಮ್ಮ ಸೀಮೆಯಲ್ಲಿ ಏನು ಕಡಿಮೆ? ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಮಾತ್ರ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಊಟ ಬಿಟ್ಟಿತೆಂದು ಹಾಲಿನ ಬಾಟಲಿ ಕೊಡುವುದು ದೊಡ್ಡ ತಪ್ಪು. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಸುವಿನ ಹಾಲು ಹೊಟ್ಟೆಗೆ ಹೋದರೆ ಊಟಕ್ಕೆ ಜಾಗವೇ ಉಳಿಯುವುದಿಲ್ಲ. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಊಟಗಳ ನಡುವೆ ಕೈಗೆ ಸಿಗುವ ಬಿಸ್ಕತ್ತು ಕೂಡ ಹಸಿವಿಗೆ ಶತ್ರು.

ಮೊಬೈಲ್ ತೋರಿಸಿ ಉಣಿಸುವುದೂ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಬಂಧುಗಳೊಂದಿಗಿನ ಅಪರೂಪದ ವಿಡಿಯೊ ಕರೆ ಬಿಟ್ಟು ಯಾವ ಪರದೆಯೂ ಬೇಡವೆಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲೇ ಹೇಳಿದೆ. ಚಂದಮಾಮನನ್ನು ತೋರಿಸಿ ಉಣಿಸುತ್ತಿದ್ದ ಅಜ್ಜಿ ಮಗುವಿನ ಮುಖ ನೋಡುತ್ತಿದ್ದಳು, ಸಾಕೆನಿಸಿದ್ದು ಅವಳಿಗೆ ತಿಳಿಯುತ್ತಿತ್ತು. ಪರದೆ ನೋಡುವ ಮಗುವಿಗೆ ತನ್ನ ಹೊಟ್ಟೆ ತುಂಬಿದ್ದೇ ತಿಳಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಹಸಿವಿನ ಸಿರಪ್ಪುಗಳಲ್ಲಿ ಹಲವು, ಅಲರ್ಜಿಗೆ ಕೊಡುವ, ನಿದ್ದೆ ಬರಿಸುವ ಔಷಧಿ. ವೈದ್ಯರು ಬರೆದುಕೊಡದೆ ಅದನ್ನು ಮುಟ್ಟಬಾರದು.

ವೈದ್ಯರ ಬಳಿ ಓಡಬೇಕಾದ ಸಂದರ್ಭಗಳೂ ಇವೆ. ತೂಕ ಇಳಿದರೆ, ನುಂಗುವಾಗ ಪ್ರತಿ ಸಲ ಕೆಮ್ಮು ಅಥವಾ ಓಕರಿಕೆ ಬಂದರೆ, ಮಗು ಮಣ್ಣು, ಬಳಪ, ಸುಣ್ಣ ತಿನ್ನತೊಡಗಿದರೆ, ತಿನ್ನುವ ಪದಾರ್ಥಗಳ ಪಟ್ಟಿ ವಾರವಾರಕ್ಕೂ ಕುಗ್ಗುತ್ತಿದ್ದರೆ ತಡಮಾಡಬಾರದು. ಉಳಿದವರು ಈ ತಿಂಗಳು ಮಗುವನ್ನು ಅಂಗನವಾಡಿಗೆ ಕರೆದೊಯ್ದು ತೂಕ ಮಾಡಿಸಿ, ತಾಯಿ ಕಾರ್ಡಿನ ಬೆಳವಣಿಗೆಯ ನಕ್ಷೆಯಲ್ಲಿ ಗುರುತು ಹಾಕಿಸಿಕೊಳ್ಳಿ. ಗೆರೆ ಮೇಲಕ್ಕೆ ಸಾಗುತ್ತಿದ್ದರೆ ಮಗುವಿಗೆ ಸಾಕಾಗುವಷ್ಟು ಸಿಗುತ್ತಿದೆ ಎಂದೇ ಅರ್ಥ. ಮನೆಯ ಹಿರಿಯರಿಗೂ ಆ ಕಾರ್ಡನ್ನು ತೋರಿಸಿ.