ಒಂದೇ ಚಿತ್ರ, ಬೇರೆ ಬೇರೆ ಕೋಣೆ

ಕಳೆದ ಬೇಸಿಗೆಯ ಒಂದು ಸಂಜೆ ಶಹಾಪುರದ ಸಮೀಪದ ಮನೆಯೊಂದಕ್ಕೆ ಭೇಟಿ ನೀಡಿದ್ದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಆ ಮನೆಯ ಮಗಳು ರಜೆಗೆ ಬಂದಿದ್ದಳು. ಒಳಕೋಣೆಯಿಂದ ಆಕೆಯ ನಗು ಕೇಳಿಬರುತ್ತಿತ್ತು. ಪಡಸಾಲೆಯಲ್ಲಿ ಕುಳಿತಿದ್ದ ಅಜ್ಜಿ, “ಒಬ್ಬಾಕಿನೇ ಕುಂತು ನಗ್ತಾಳ್ರೀ ಫಾದರ್. ಯಾರ ಕೂಡ ನಗ್ತಾಳಂತ ನಮಗ ತಿಳಿಯಂಗಿಲ್ಲ” ಎಂದರು. ಸ್ವಲ್ಪ ಹೊತ್ತಿನ ಬಳಿಕ ಹೊರಬಂದ ಮಗಳು ವಿಷಯವನ್ನು ವಿವರಿಸಿದಳು. ಆಕೆ ಒಬ್ಬಂಟಿಯಾಗಿರಲಿಲ್ಲ. ಪುಣೆಯಲ್ಲಿ ಒಬ್ಬಳು, ಬೆಂಗಳೂರಿನಲ್ಲಿ ಇಬ್ಬರು, ಹೀಗೆ ಮೂವರು ಗೆಳತಿಯರು ಅದೇ ಕ್ಷಣದಲ್ಲಿ ಅದೇ ಚಿತ್ರವನ್ನು ನೋಡುತ್ತಿದ್ದರು. ಶನಿವಾರ ಬಂತೆಂದರೆ ಅವರದು ಇದೇ ಕೂಟ.

ಇಂತಹ ಕೂಟಕ್ಕೆ ‘ವಾಚ್ ಪಾರ್ಟಿ’ ಎಂಬ ಹೆಸರಿದೆ. 2020ರ ಲಾಕ್‌ಡೌನ್ ಕಾಲದಲ್ಲಿ ಇದು ಲೋಕದಾದ್ಯಂತ ಹರಡಿತು. ಚಿತ್ರಮಂದಿರಗಳು ಮುಚ್ಚಿದ್ದವು. ಆ ವರ್ಷದ ಜುಲೈನಲ್ಲಿ ‘ಲಾ’, ‘ಫ್ರೆಂಚ್ ಬಿರಿಯಾನಿ’ ಎಂಬ ಕನ್ನಡ ಚಿತ್ರಗಳು ಚಿತ್ರಮಂದಿರದ ಪರದೆಯನ್ನು ಕಾಣದೆ ನೇರವಾಗಿ ಅಮೆಜಾನ್ ಪ್ರೈಮ್ ವಿಡಿಯೋದಲ್ಲಿ ಬಿಡುಗಡೆಯಾದವು. ಚಿತ್ರವೇ ಮನೆಗೆ ಬಂದಾಗ ಜೊತೆಗಾರರನ್ನು ಎಲ್ಲಿಂದ ತರುವುದು? ‘ನೆಟ್‌ಫ್ಲಿಕ್ಸ್ ಪಾರ್ಟಿ’ ಎಂದಿದ್ದು 2020ರಲ್ಲೇ ‘ಟೆಲಿಪಾರ್ಟಿ’ ಎಂದು ಹೆಸರು ಬದಲಿಸಿಕೊಂಡ ಸಾಧನ ಈ ಪ್ರಶ್ನೆಗೆ ಒಂದು ಉತ್ತರವಾಯಿತು. ಒಬ್ಬರು ಕೂಟವನ್ನು ಆರಂಭಿಸಿ ಗೆಳೆಯರಿಗೆ ಲಿಂಕ್ ಕಳುಹಿಸುತ್ತಾರೆ. ಅಲ್ಲಿಂದ ಮುಂದೆ ಒಬ್ಬರು ಚಿತ್ರವನ್ನು ನಿಲ್ಲಿಸಿದರೆ ಎಲ್ಲರಿಗೂ ನಿಲ್ಲುತ್ತದೆ, ನಡೆಸಿದರೆ ಎಲ್ಲರಿಗೂ ನಡೆಯುತ್ತದೆ. ಪರದೆಯ ಪಕ್ಕದಲ್ಲಿ ಮಾತುಗಳನ್ನು ಬರೆಯಲು ಒಂದು ಅಂಕಣವಿರುತ್ತದೆ.

ಇದರ ಕೆಲಸದ ಬಗೆಯನ್ನು ತುಸು ಗಮನಿಸಬೇಕು. ಒಬ್ಬಳ ಮನೆಯಿಂದ ಇನ್ನೊಬ್ಬಳ ಮನೆಗೆ ಚಿತ್ರ ಹೋಗುವುದಿಲ್ಲ. ಚಿತ್ರವು ಕಂಪನಿಯ ಕಂಪ್ಯೂಟರುಗಳಿಂದ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿಯೇ ಬರುತ್ತದೆ. ಪ್ರತಿಯೊಬ್ಬರೂ ಚಂದಾ ತೆತ್ತಿರಬೇಕು. ಗೆಳತಿಯರ ನಡುವೆ ಓಡಾಡುವುದು ‘ನಿಲ್ಲಿಸು’, ‘ನಡೆಸು’ ಎಂಬ ಸಂಜ್ಞೆಗಳು ಮತ್ತು ಅವರು ಬರೆದ ಮಾತುಗಳು ಮಾತ್ರ. ಸಾಧನವು ಗಡಿಯಾರಗಳನ್ನು ಹೊಂದಿಸಿಕೊಡುತ್ತದೆ. ಉಳಿದದ್ದನ್ನು ನಾವೇ ಮಾಡಿಕೊಳ್ಳಬೇಕು.

ಜೊತೆಯಾಗಿ ನೋಡುವುದು ನಮ್ಮ ಸೀಮೆಗೆ ಹೊಸತೇನೂ ಅಲ್ಲ. ರಾತ್ರಿಯಿಡೀ ನಡೆಯುತ್ತಿದ್ದ ಬಯಲಾಟಗಳನ್ನು ಬಿಡೋಣ. ಉಪಗ್ರಹದ ಮೂಲಕ ಬಂದ ದೂರದರ್ಶನವನ್ನು ಗುಂಪಾಗಿ ಕುಳಿತು ನೋಡಿದ ದೇಶದ ಮೊದಲ ಹಳ್ಳಿಗಳಲ್ಲಿ ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಸೇರಿವೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಎಂಬ ಪ್ರಯೋಗಕ್ಕೆ 6 ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹವನ್ನು ಇದಕ್ಕಾಗಿ ಎರವಲು ಪಡೆಯಲಾಗಿತ್ತು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಹಿರಿಯರಿಗೆ ಕಾರ್ಯಕ್ರಮಗಳಿದ್ದವು. ಪ್ರಸಾರದ ಭಾಷೆಗಳಲ್ಲಿ ಕನ್ನಡವೂ ಒಂದಾಗಿತ್ತು. ಯಾದಗಿರಿ, ಶಹಾಪುರ, ಸುರಪುರಗಳು ಆಗ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2010ರಲ್ಲಿ.

ಆ ಪ್ರಯೋಗದಲ್ಲಿ ಊರಿಗೆ ಒಂದೇ ಪೆಟ್ಟಿಗೆ. ಶಾಲೆಯಲ್ಲೋ ಪಂಚಾಯತಿಯ ಕಟ್ಟಡದಲ್ಲೋ ಅದನ್ನು ಇರಿಸಲಾಗುತ್ತಿತ್ತು. ಅಲ್ಲಿಗೆ ಬರಲು ಯಾರೂ ಲಿಂಕ್ ಕಳುಹಿಸಬೇಕಾಗಿರಲಿಲ್ಲ. ಆದರೆ ಹಳೆಯದನ್ನು ನೆನೆಯುವಾಗ ನಾವು ಪ್ರಾಮಾಣಿಕರಾಗಿರಬೇಕು. ನಮ್ಮ ಹಳ್ಳಿಗಳ ಅಂಗಳದಲ್ಲಿ ಎಲ್ಲ ಜಾತಿಯವರಿಗೂ ಸಮಾನವಾದ ಜಾಗ ದೊರೆಯುತ್ತಿತ್ತು ಎಂದು ಯಾರು ಎದೆ ಮುಟ್ಟಿಕೊಂಡು ಹೇಳಬಲ್ಲರು? ಒಲೆಯ ಮುಂದಿದ್ದ ಹೆಂಗಸರಿಗೆ ಸಂಜೆಯ ಆ ಹೊತ್ತಿನಲ್ಲಿ ಬಿಡುವಾದರೂ ಎಲ್ಲಿತ್ತು? ಅಂದು ಒಬ್ಬೊಬ್ಬರು ಒಂದೊಂದು ಕಾರಣಕ್ಕೆ ಹೊರಗುಳಿದರು. ಇಂದು ಚಂದಾ ಇಲ್ಲದವರು, ಕಂಪ್ಯೂಟರ್ ತಿಳಿಯದವರು, ಆಹ್ವಾನವಿಲ್ಲದವರು ಹೊರಗುಳಿಯುತ್ತಾರೆ. ಪಡಸಾಲೆಯ ಆ ಅಜ್ಜಿ ಇವರಲ್ಲಿ ಒಬ್ಬರು.

ಈ ಹೊಸ ಕೂಟದ ಮೇಲೆ ನನ್ನ ಮುಖ್ಯ ಆಕ್ಷೇಪ ಇನ್ನೊಂದಿದೆ. ಒಂದೇ ಚಾಪೆಯ ಮೇಲೆ ಕುಳಿತವರ ನಡುವೆ ಮೌನವೂ ಒಂದು ಮಾತು. ದುಃಖದ ದೃಶ್ಯ ಬಂದಾಗ ಪಕ್ಕದವಳು ಸೆರಗಿನಿಂದ ಕಣ್ಣೊರೆಸಿಕೊಂಡರೆ ಸಾಕು, ಆಕೆಯ ಮನಸ್ಸು ನಮಗೆ ತಿಳಿಯುತ್ತದೆ. ವಾಚ್ ಪಾರ್ಟಿಯಲ್ಲಿ ಬರೆಯದವನು ಇಲ್ಲದವನಂತೆಯೇ. ಆದ್ದರಿಂದ ಎಲ್ಲರೂ ಏನಾದರೊಂದನ್ನು ಬರೆಯುತ್ತಲೇ ಇರುತ್ತಾರೆ. ನಗದೆಯೇ ನಗುವ ಮುಖದ ಚಿಹ್ನೆ, ಅಳದೆಯೇ ಅಳುವ ಮುಖದ ಚಿಹ್ನೆ. ಕಣ್ಣು ಅರ್ಧ ಚಿತ್ರದ ಮೇಲೆ, ಅರ್ಧ ಅಂಕಣದ ಮೇಲೆ. ಹೀಗೆ ನೋಡಿದ ಚಿತ್ರವು ಮನಸ್ಸಿಗೆ ಇಳಿಯುವುದು ಕಷ್ಟ. ಗೆಳೆಯನ ಮನಸ್ಸು ತಿಳಿಯುವುದು ಇನ್ನೂ ಕಷ್ಟ.

ಹಾಗೆಂದು ಇದನ್ನು ವ್ಯರ್ಥವೆಂದು ತಳ್ಳಿಹಾಕಲೂ ಆಗದು. ಅದೇ ಲಾಕ್‌ಡೌನಿನಲ್ಲಿ ನಮ್ಮ ಅನೇಕ ಕುಟುಂಬಗಳು ಮೊಬೈಲಿನ ಪರದೆಯ ಮುಂದೆ ಮೊಣಕಾಲೂರಿ ಬಲಿಪೂಜೆಯನ್ನು ವೀಕ್ಷಿಸಿದವು. ಅದು ಆ ದಿನಗಳ ಆಸರೆಯಾಗಿತ್ತು. ಆದರೆ ದೈವಾರಾಧನಾ ವಿಧಿಗಳ ಹೊಣೆ ಹೊತ್ತಿದ್ದ ಕಾರ್ಡಿನಲ್ ರಾಬರ್ಟ್ ಸಾರಾರವರು 2020ರ ಆಗಸ್ಟ್ 15ರ ದಿನಾಂಕದ ಪತ್ರದಲ್ಲಿ, ಯಾವ ಪ್ರಸಾರವೂ ಖುದ್ದು ಪಾಲ್ಗೊಳ್ಳುವುದಕ್ಕೆ ಸಮನಾಗದು ಎಂದು ನೆನಪಿಸಿದರು. ಸಂತ ಯೊವಾನ್ನರೂ ತಮ್ಮ ಕಿರುಪತ್ರಗಳಲ್ಲಿ, ಬರೆಯಬೇಕಾದದ್ದು ಬಹಳವಿದ್ದರೂ ಮುಖಾಮುಖಿಯಾಗಿ ಮಾತನಾಡುವ ಹಂಬಲವನ್ನು ತೋಡಿಕೊಂಡಿದ್ದಾರೆ. ಅವರು ಪತ್ರ ಬರೆಯುವುದನ್ನು ಬಿಡಲಿಲ್ಲ. ಪತ್ರವನ್ನೇ ಭೇಟಿಯೆಂದು ತಿಳಿಯಲೂ ಇಲ್ಲ. ದೂರದಿಂದ ಜೊತೆಗೂಡಿಸುವ ಯಾವ ಸಾಧನಕ್ಕೂ ಈ ಅಳತೆಗೋಲನ್ನು ಹಿಡಿಯಬಹುದು. ಅದು ಮುಂದಿನ ಭೇಟಿಯ ಆಸೆಯನ್ನು ಹೆಚ್ಚಿಸಿದರೆ ಒಳ್ಳೆಯದು. ಭೇಟಿಯೇ ಬೇಡವೆನಿಸಿದರೆ, ಪಕ್ಕದ ಕೋಣೆಯಲ್ಲಿರುವವರು ಮರೆತುಹೋದರೆ, ಅಲ್ಲಿಗೆ ಅದನ್ನು ನಿಲ್ಲಿಸಬೇಕು.

ನಮ್ಮ ಜಿಲ್ಲೆಗೆ ಈ ಮಾತು ಇತರರಿಗಿಂತ ಹೆಚ್ಚು ಅನ್ವಯಿಸುತ್ತದೆ. ಗುಳೆ ಹೋಗುವುದು ಇಲ್ಲಿನ ಬಡಕುಟುಂಬಗಳ ಬದುಕಿನ ಭಾಗವೇ ಆಗಿದೆ. ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ತಂದೆ-ತಾಯಿ ಹೋದರೆ, ವೃದ್ಧರು ಮತ್ತು ಮಕ್ಕಳು ಊರಿನಲ್ಲಿ ಉಳಿಯುತ್ತಾರೆ. ಇಂತಹವರಿಗೆ ದೂರದಲ್ಲಿದ್ದೂ ಜೊತೆಯಾಗುವುದು ಶನಿವಾರದ ವಿನೋದವಲ್ಲ, ಸಂಸಾರವನ್ನು ಹಿಡಿದಿಟ್ಟುಕೊಳ್ಳುವ ಒಂದು ದಾರಿ.

ಸುರಪುರದ ಕಡೆಯ ಒಂದು ಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಟಿವಿಯಲ್ಲಿ ಧಾರಾವಾಹಿ ನಡೆಯುತ್ತಿತ್ತು. ತಾಯಿ ಮೊಬೈಲನ್ನು ಚೊಂಬಿಗೆ ಒರಗಿಸಿ ಟಿವಿಯ ಕಡೆ ಮುಖ ಮಾಡಿಸಿದ್ದರು. ಮುಂಬಯಿಯ ಶೆಡ್ಡಿನಲ್ಲಿದ್ದ ಮಗ ವಿಡಿಯೋ ಕರೆಯಲ್ಲಿ ಅದನ್ನೇ ನೋಡುತ್ತಿದ್ದ. ಚಿತ್ರ ನಡುಗುತ್ತಿತ್ತು, ಧ್ವನಿ ತಡವಾಗಿ ತಲುಪುತ್ತಿತ್ತು. ಕಥೆಯ ಮಧ್ಯದಲ್ಲಿ ತಾಯಿ, “ಉಂಡೆಪ್ಪಾ? ಏನು ಮಾಡಿದ್ದಿ ಅಡಿಗಿ?” ಎಂದು ಕೇಳಿದರು. ಧಾರಾವಾಹಿ ತನ್ನ ಪಾಡಿಗೆ ಮುಂದೆ ಸಾಗಿತು. ಅವರಿಬ್ಬರೂ ಅನ್ನ, ಸಾರು, ಕೂಲಿ, ಊರಿಗೆ ಬರುವ ದಿನ ಇವುಗಳ ಮಾತಿನಲ್ಲಿ ತೊಡಗಿದ್ದರು.

ಶಹಾಪುರದ ಆ ಮಗಳಿಗೆ ಹೊರಡುವ ಮುನ್ನ ಒಂದೇ ಮಾತು ಹೇಳಿ ಬಂದಿದ್ದೆ: “ಮುಂದಿನ ಶನಿವಾರ ಪಡಸಾಲೆಯಲ್ಲಿ ಕುಳಿತು ನೋಡಮ್ಮ. ಅಜ್ಜಿಗೆ ಕಥೆ ಅರ್ಥವಾಗದಿದ್ದರೆ ನೀನೇ ನಿಲ್ಲಿಸಿ ಹೇಳು. ಗೆಳತಿಯರು ಸ್ವಲ್ಪ ಕಾಯಲಿ.”