ದ್ರೌಪದಿಯ ಹೋಲಿಕೆ ಮತ್ತು ಮಗ್ಗಲಮನೆಯವರು

ಡಿಸೆಂಬರ್ 10 ಮಾನವ ಹಕ್ಕುಗಳ ದಿನ. 2023ರಲ್ಲಿ ಆ ದಿನ ಮುಗಿದು ಕೆಲವೇ ತಾಸುಗಳಾಗಿದ್ದವು. 11ರ ನಸುಕಿನಲ್ಲಿ ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿಯಲ್ಲಿ ಒಬ್ಬ ತಾಯಿಯನ್ನು ಮನೆಯಿಂದ ಎಳೆದು, ಬೆತ್ತಲೆಗೊಳಿಸಿ, ವಿದ್ಯುತ್ ಕಂಬಕ್ಕೆ ಕಟ್ಟಿ ಹೊಡೆದರು. ಆಕೆಯ ಮಗ ಅದೇ ಊರಿನ ಹುಡುಗಿಯ ಜೊತೆ ಊರು ಬಿಟ್ಟಿದ್ದ. ಸಿಟ್ಟು ಮಗನ ಮೇಲಿತ್ತು, ಸಿಕ್ಕವಳು ತಾಯಿ.

ಪತ್ರಿಕೆಯ ವರದಿಗಳನ್ನು ನೋಡಿ ಕರ್ನಾಟಕ ಹೈಕೋರ್ಟ್ ತಾನೇ ಮುಂದಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತು. ವಿಚಾರಣೆಯ ವೇಳೆ ಆಗಿನ ಮುಖ್ಯ ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ ಅವರು ಮಹಾಭಾರತವನ್ನು ನೆನೆದರು. ದ್ರೌಪದಿಯ ನೆರವಿಗೆ ಕೃಷ್ಣನಾದರೂ ಬಂದ, ಈ ಹೆಣ್ಣುಮಗಳ ನೆರವಿಗೆ ಯಾರೂ ಬರಲಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ನಾನು ಆ ಮಾತನ್ನು ಓದಿ ಕಣ್ಣು ಒದ್ದೆ ಮಾಡಿಕೊಂಡೆ, ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದೆ. ರಜೆಗೆ ನಾಗನೂರಿಗೆ ಬಂದಾಗ ಅವ್ವನಿಗೂ ಓದಿ ಹೇಳಿದೆ. ಅವ್ವ ಕಾಳು ಹಸನು ಮಾಡುತ್ತ ಕೂತಿದ್ದಳು. "ಕೃಷ್ಣ ಯಾಕ ಬರಬೇಕಿತ್ತೋ ತಮ್ಮಾ? ಮಗ್ಗಲಮನಿಯವ್ರು ಬಂದಿದ್ರ ಸಾಕಾಗಿತ್ತು" ಅಂದಳು.

ಸಾಹಿತ್ಯವನ್ನು ಓದಿ ಸಂಶೋಧನೆ ಮಾಡುತ್ತಿರುವ ನನಗೆ ಹೊಳೆಯದ ವಿಮರ್ಶೆ ಅದು. ಅನ್ಯಾಯಕ್ಕೊಳಗಾದ ಪ್ರತಿ ಹೆಣ್ಣನ್ನೂ ದ್ರೌಪದಿ ಎಂದು ಕರೆಯುವ ರೂಢಿ ನಮ್ಮ ಪದ್ಯ, ಭಾಷಣ, ಸಂಪಾದಕೀಯಗಳಲ್ಲೆಲ್ಲ ಇದೆ. ಈ ಹೋಲಿಕೆ ನಮ್ಮ ದುಃಖಕ್ಕೆ ಥಟ್ಟನೆ ಒಂದು ದೊಡ್ಡ ಚೌಕಟ್ಟು ಕೊಡುತ್ತದೆ. ಅದರ ಜೊತೆಗೇ ಎರಡು ಕೆಲಸಗಳನ್ನು ಸದ್ದಿಲ್ಲದೆ ಮಾಡುತ್ತದೆ. ದುಷ್ಟರನ್ನು ದುರ್ಯೋಧನ, ದುಶ್ಶಾಸನ ಎಂದು ಎಣಿಸಿ ಬೇರ್ಪಡಿಸುತ್ತದೆ. ರಕ್ಷಣೆಯನ್ನು ಪವಾಡಕ್ಕೆ ಬಿಡುತ್ತದೆ. ಇವೆರಡರ ನಡುವೆ ಇದ್ದವರು, ಅಂದರೆ ನಮ್ಮಂಥವರು, ಲೆಕ್ಕಕ್ಕೆ ಸಿಗದೆ ಉಳಿದುಬಿಡುತ್ತೇವೆ.

ಆದರೆ ಸಭಾಪರ್ವ ಅಷ್ಟು ಸರಳವಾಗಿಲ್ಲ. ಅಲ್ಲಿ ದ್ರೌಪದಿ ಮೊದಲು ಕೃಷ್ಣನನ್ನು ಕರೆಯುವುದಿಲ್ಲ, ಸಭೆಗೆ ಪ್ರಶ್ನೆ ಕೇಳುತ್ತಾಳೆ. ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು ಎಂಬ ಪ್ರಶ್ನೆ ಅದು. ಇಂದಿನ ಮಾತಿನಲ್ಲಿ ಹೇಳುವುದಾದರೆ ನಾಗರಿಕ ಹಕ್ಕಿನ ಪ್ರಶ್ನೆ. ಧರ್ಮ ಬಹಳ ಸೂಕ್ಷ್ಮ ಎಂದು ಹೇಳಿ ಭೀಷ್ಮ ಜಾರಿಕೊಳ್ಳುತ್ತಾನೆ. ವಿದುರ ಉತ್ತರಿಸಿ ಎಂದು ಸಭೆಯನ್ನು ಒತ್ತಾಯಿಸುತ್ತಾನೆ. ಕೌರವರಲ್ಲೇ ಒಬ್ಬನಾದ ವಿಕರ್ಣ ಎದ್ದು ಇದು ಅಧರ್ಮ ಎನ್ನುತ್ತಾನೆ. ನೀನಿನ್ನೂ ಹುಡುಗ ಎಂದು ಕರ್ಣ ಅವನ ಬಾಯಿ ಮುಚ್ಚಿಸುತ್ತಾನೆ. ಈ ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ ಉಳಿದದ್ದು ಕೃಷ್ಣ. ಕೃಷ್ಣನನ್ನು ಮಾತ್ರ ನೆನಪಿಟ್ಟುಕೊಂಡರೆ ನಾವು ಪರ್ವದ ಕೊನೆಯ ಪುಟವನ್ನಷ್ಟೇ ಓದಿದಂತೆ. ಹೊಸ ವಂಟಮುರಿಯಲ್ಲೂ ಒಬ್ಬ ವಿಕರ್ಣನಿದ್ದ. ತಡೆಯಲು ಹೋದ ಊರಿನವರೊಬ್ಬರು ತಾವೂ ಏಟು ತಿಂದರು. ನನ್ನ ಸ್ಟೇಟಸ್‌ನಲ್ಲಿ ಅವರಿಗೆ ಜಾಗವಿರಲಿಲ್ಲ.

ನಮ್ಮ ಜಿಲ್ಲೆಯ ಸಣ್ಣಾಟ ಈ ವಿಷಯದಲ್ಲಿ ನಮಗಿಂತ ಚುರುಕು. ಬೈಲಹೊಂಗಲದ ಕತೆ 'ಸಂಗ್ಯಾ ಬಾಳ್ಯಾ'ವನ್ನೇ ನೋಡಿ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಅದನ್ನು ಓದುಗರಿಗೂ ರಂಗಕ್ಕೂ ತಲುಪಿಸಿದರು. ಸಂಗ್ಯಾ ಗಂಗಿಯನ್ನು ಮೋಹಿಸುತ್ತಾನೆ, ಅವಳ ಗಂಡ ಈರ್ಯಾನ ಕಡೆಯವರು ಅವನನ್ನು ಕೊಲ್ಲುತ್ತಾರೆ. ಬೇರೆ ಯಾರೇ ಬರೆದಿದ್ದರೂ ಹೆಸರು 'ಸಂಗ್ಯಾ ಗಂಗಿ' ಆಗುತ್ತಿತ್ತೇನೋ. ಜನಪದರು ಪ್ರೇಮಿಯ ಪಕ್ಕಕ್ಕೆ ಅವನನ್ನು ಹಿಡಿದುಕೊಟ್ಟ ಗೆಳೆಯನ ಹೆಸರಿಟ್ಟರು. ಕೊಂದವರಷ್ಟೇ ಅಲ್ಲ, ಕೈಬಿಟ್ಟವನೂ ಕತೆಯ ಕೇಂದ್ರ ಎಂಬುದು ಅವರಿಗೆ ಗೊತ್ತಿತ್ತು.

ಇದೇ ಬೆಳಗಾವಿ ಜಿಲ್ಲೆಯಿಂದ ಇನ್ನೊಂದು ಪ್ರಕರಣ ದಿಲ್ಲಿಯವರೆಗೆ ಹೋಗಿತ್ತು. ಮನೆಯವರಿಗೆ ಹೇಳದೆ ಬೇರೆ ಜಾತಿಯವರನ್ನು ಮದುವೆಯಾದ ಒಬ್ಬ ಉಪನ್ಯಾಸಕಿ, ಮದುವೆಯ ದಾಖಲೆಯ ಜೊತೆ ಮುರಗೋಡ ಪೊಲೀಸರಿಗೆ ಪತ್ರ ಬರೆದಿದ್ದರು. ಆದರೂ ಠಾಣೆಗೆ ಬಂದು ಹೇಳಿಕೆ ಕೊಡಿ ಎಂದು ಪೊಲೀಸರು ಪಟ್ಟು ಹಿಡಿದರು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಸಂಜಯ್ ಕಿಶನ್ ಕೌಲ್ ಮತ್ತು ಹೃಷಿಕೇಶ್ ರಾಯ್ ಎಫ್‌ಐಆರ್ ರದ್ದು ಮಾಡಿದರು. ವಯಸ್ಕರಿಬ್ಬರು ಒಪ್ಪಿದ ಮೇಲೆ ಕುಟುಂಬದ, ಕುಲದ ಒಪ್ಪಿಗೆ ಬೇಕಿಲ್ಲ ಎಂದರು. ಇಂಥ ಪ್ರಕರಣಗಳನ್ನು ನಿಭಾಯಿಸಲು ಪೊಲೀಸರಿಗೆ ತರಬೇತಿ ಕೊಡಿ ಎಂದೂ ಹೇಳಿದರು. ಆ ತೀರ್ಪು ಉಲ್ಲೇಖಿಸಿದ್ದು ಮಹಾಭಾರತವನ್ನಲ್ಲ, ಅಂಬೇಡ್ಕರರ 1936ರ 'ಜಾತಿ ವಿನಾಶ'ವನ್ನು.

ಒಂದೇ ಜಿಲ್ಲೆ, ಎರಡು ನ್ಯಾಯಾಲಯ, ಎರಡು ಪುಸ್ತಕ. ಮೊದಲಿಗೆ ನನಗೆ ಅಂಬೇಡ್ಕರರ ಓದೇ ಸರಿ, ದ್ರೌಪದಿಯ ಓದು ಬರೀ ಭಾವುಕತೆ ಅನ್ನಿಸಿತು. ಈಗ ಅಷ್ಟು ಗಟ್ಟಿಯಾಗಿ ಹೇಳಲಾರೆ. 'ಜಾತಿ ವಿನಾಶ' ಕಾರಣದ ಕಡೆಗೆ ಕೈ ತೋರಿಸುತ್ತದೆ. ಯಾರು ಯಾರನ್ನು ಮದುವೆಯಾಗಬೇಕು ಎಂಬುದರ ಮೇಲಿನ ಕಾವಲೇ ಜಾತಿಯ ಬೇರು ಎನ್ನುತ್ತದೆ. ಆ ಕಾವಲಿಗೆ ಒಮ್ಮೆ ರೂಢಿಯಾದವರು ಯಾವ ಹುಡುಗಿಯ ಆಯ್ಕೆಯನ್ನೂ ಸಹಿಸುವುದಿಲ್ಲ. ಆದರೆ ಆ ತೀರ್ಪು ನೆರವಾದದ್ದು ಪತ್ರ ಬರೆಯಬಲ್ಲ, ದಿಲ್ಲಿ ತಲುಪಬಲ್ಲ ಹೆಣ್ಣಿಗೆ. ನಸುಕಿನಲ್ಲಿ ಬಾಗಿಲು ಬಡಿದಾಗ ವಂಟಮುರಿಯ ತಾಯಿಯ ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ. ಆ ಹೊತ್ತಿಗೆ ಬೇಕಾದದ್ದು ಸಭೆಯೊಳಗಿಂದ ಏಳುವ ಒಂದು ದನಿ.

ಹೈಕೋರ್ಟ್ ಕೂಡ ಕೃಷ್ಣನ ಹತ್ತಿರ ನಿಲ್ಲಲಿಲ್ಲ. ಮುಂದಿನ ವಿಚಾರಣೆಯಲ್ಲಿ ಸುಮ್ಮನೆ ನಿಂತು ನೋಡಿದವರ ಹೊಣೆಯನ್ನು ಎತ್ತಿತು. ಬ್ರಿಟಿಷರ ಕಾಲದಲ್ಲಿ, ಬೆಂಟಿಂಕನ ಆಡಳಿತದಲ್ಲಿ, ಇಡೀ ಊರಿಗೆ ಹಾಕುತ್ತಿದ್ದ 'ಪುಂಡಗಂದಾಯ'ವನ್ನು ನೆನಪಿಸಿತು. ದ್ರೌಪದಿಗಿಂತ ಈ ಮರೆತ ಪದ ನನ್ನನ್ನು ಹೆಚ್ಚು ಕಾಡಿತು. ಮೌನಕ್ಕೂ ಬೆಲೆ ಉಂಟು ಎಂದು ಅದು ಹೇಳುತ್ತದೆ. ತಕರಾರೂ ಇದೆ. ಊರಿಗೇ ದಂಡ ಹಾಕಿದರೆ ತಡೆಯಲು ಹೋಗಿ ಏಟು ತಿಂದವರೂ ಕಟ್ಟಬೇಕಾದೀತು. ಉಳ್ಳವರಿಗೆ ಅದು ಒಂದು ರಸೀದಿ, ದುಡ್ಡು ಕಟ್ಟಿದರೆ ಮುಗಿಯಿತು.

ಅವ್ವನ ಮಾತು ನನಗೆ ಯಾಕೆ ಚುಚ್ಚಿತು ಎಂಬುದನ್ನೂ ಹೇಳಿಬಿಡಬೇಕು. ನಾನು ಡಿಗ್ರಿ ಓದುವಾಗ ನಮ್ಮ ಓಣಿಯಲ್ಲೂ ಇಬ್ಬರು ಹೀಗೇ ಊರು ಬಿಟ್ಟಿದ್ದರು. ರಾತ್ರಿ ಹುಡುಗನ ಮನೆಯ ಮುಂದೆ ಮಂದಿ ಸೇರಿ ಒದರಾಡತೊಡಗಿದರು. ನಾನು ಪರೀಕ್ಷೆಗೆ ಓದುತ್ತಿದ್ದೆ. ಎದ್ದು ಲೈಟ್ ಆರಿಸಿ ಕೂತೆ. ಅವ್ವ ಹಿತ್ತಲ ಬಾಗಿಲಿನಿಂದ ಹೋಗಿ ಆ ಹುಡುಗನ ತಾಯಿಯನ್ನು ಕೈಹಿಡಿದು ನಮ್ಮ ಮನೆಗೆ ಕರೆತಂದಳು. ಬೆಳಗಿನವರೆಗೂ ಆಕೆ ನಮ್ಮ ಅಡುಗೆಮನೆಯಲ್ಲಿ ಕೂತಿದ್ದಳು. ಮಂದಿ ಬೈದು ಬೈದು ಚದುರಿದರು. ಅಂದು ಏನೂ ಆಗಲಿಲ್ಲ, ಅದಕ್ಕೇ ಅದು ಎಲ್ಲೂ ಸುದ್ದಿಯಾಗಲಿಲ್ಲ.

ಆ ರಾತ್ರಿ ನಾನು ಓದುತ್ತಿದ್ದದ್ದು ಕುಮಾರವ್ಯಾಸನನ್ನು ಎಂದು ಬರೆದರೆ ಲೇಖನಕ್ಕೆ ಚೆಂದ ಇತ್ತು. ಓದುತ್ತಿದ್ದದ್ದು ಅರ್ಥಶಾಸ್ತ್ರ. ಸಭಾಪರ್ವವನ್ನು ಓದಿದ್ದು ಆಮೇಲೆ, ಎಂ.ಎ.ಯಲ್ಲಿ. ಅಂಕ ಚೆನ್ನಾಗಿ ಬಂದಿದ್ದವು. ಪರೀಕ್ಷೆಯಲ್ಲಿ ದ್ರೌಪದಿಯ ಬಗ್ಗೆ ನಾಲ್ಕು ಪುಟ ಬರೆದಿದ್ದೆ, ವಿಕರ್ಣನ ಬಗ್ಗೆ ಒಂದು ಸಾಲೂ ಇರಲಿಲ್ಲ.